ವಿದ್ಯುತ್ಕಾಂತೀಯ ಉಡಾವಣೆ: ಪುಣೆಯ ಪ್ರಯೋಗಗಳು ಮತ್ತು ಬಾಹ್ಯಾಕಾಶದ ದಾರಿ

ಶ್ರೀಹರಿಕೋಟದಿಂದ ಮೇಲೇರುವ ಪಿ.ಎಸ್.ಎಲ್.ವಿ. ರಾಕೆಟ್ಟಿನ ಒಟ್ಟು ತೂಕ ಸುಮಾರು 320 ಟನ್. 600 ಕಿಲೋಮೀಟರ್ ಎತ್ತರದ ಧ್ರುವೀಯ ಕಕ್ಷೆಗೆ ಅದು ಒಯ್ಯಬಲ್ಲ ಹೊರೆ ಸುಮಾರು 1,750 ಕಿಲೋಗ್ರಾಂ. ಅಂದರೆ ನೆಲದಿಂದ ಮೇಲೇಳುವ ಪ್ರತಿ 180 ಕಿಲೋಗ್ರಾಂಗಳಲ್ಲಿ ಉಪಗ್ರಹದ ಪಾಲು ಸುಮಾರು ಒಂದೇ ಕಿಲೋಗ್ರಾಂ. ಉಳಿದುದರಲ್ಲಿ ಬಹುಭಾಗ ಇಂಧನ ಮತ್ತು ಅದು ಉರಿಯಲು ಬೇಕಾದ ಉತ್ಕರ್ಷಕ ವಸ್ತು. ದೂರದ ಊರಿಗೆ ಹೊರಟ ಗಾಡಿಯೊಂದು ದಾರಿಯುದ್ದಕ್ಕೂ ಎತ್ತುಗಳಿಗೆ ಬೇಕಾಗುವ ಮೇವನ್ನೆಲ್ಲ ತಾನೇ ಹೇರಿಕೊಂಡು ಹೊರಟರೆ ಸರಕಿಗೆ ಜಾಗ ಉಳಿಯುವುದು ಕಷ್ಟ. ರಾಕೆಟ್ಟಿನ ಸ್ಥಿತಿಯೂ ಇಂಥದ್ದೇ.

ಭೂಮಿಗೆ ಸಮೀಪದ ಕಕ್ಷೆಯಲ್ಲಿ ಸುತ್ತಲು ವಸ್ತುವಿಗೆ ಸೆಕೆಂಡಿಗೆ ಸುಮಾರು 8 ಕಿಲೋಮೀಟರ್ ವೇಗ ಬೇಕು. ಒಂದು ಕಿಲೋಗ್ರಾಂ ತೂಕದ ವಸ್ತುವಿಗೆ ಆ ವೇಗವನ್ನು ಕೊಡಲು ಬೇಕಾದ ಶಕ್ತಿ 32 ಮೆಗಾಜೂಲ್. ಇದನ್ನು ಮನೆಯ ವಿದ್ಯುತ್ ಮೀಟರಿನ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 9 ಯೂನಿಟ್. ಶಕ್ತಿಯ ಮೂಲವನ್ನು ನೆಲದ ಮೇಲೆಯೇ ಇರಿಸಿ, ಸರಕನ್ನು ಮಾತ್ರ ವಿದ್ಯುತ್ತಿನಿಂದ ಮೇಲಕ್ಕೆ ಎಸೆಯಲು ಸಾಧ್ಯವಾದರೆ ಎಂಬ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ. ನಾರ್ವೆಯ ಭೌತವಿಜ್ಞಾನಿ ಕ್ರಿಸ್ಟಿಯಾನ್ ಬಿರ್ಕೆಲ್ಯಾಂಡ್ 20ನೆಯ ಶತಮಾನದ ಆರಂಭದಲ್ಲಿಯೇ ವಿದ್ಯುತ್ಕಾಂತೀಯ ಫಿರಂಗಿಯನ್ನು ನಿರ್ಮಿಸಲು ಯತ್ನಿಸಿದ್ದನು. ಚಂದ್ರನ ಮೇಲಿನಿಂದ ಇಂಥ ಉಡಾವಣೆ ನಡೆಸುವ ಬಗೆಯನ್ನು ಆರ್ಥರ್ ಸಿ. ಕ್ಲಾರ್ಕ್ 1950ರಲ್ಲಿ ಪ್ರಕಟಿಸಿದ ಲೇಖನದಲ್ಲಿ ವಿವರಿಸಿದನು. ಭಾರತದಲ್ಲಿ ಈ ತತ್ತ್ವವನ್ನು ಪ್ರಯೋಗಕ್ಕೆ ತಂದ ಪ್ರಮುಖ ನೆಲೆ ಪುಣೆ ನಗರ.

ತತ್ತ್ವ

ವಿದ್ಯುತ್ ಹರಿಯುವ ತಂತಿಯನ್ನು ಕಾಂತಕ್ಷೇತ್ರದಲ್ಲಿರಿಸಿದರೆ ಅದರ ಮೇಲೆ ಬಲ ಉಂಟಾಗುತ್ತದೆ. ಮನೆಯ ಬೀಸಣಿಗೆ ತಿರುಗುವುದೂ ನೀರೆತ್ತುವ ಪಂಪು ನಡೆಯುವುದೂ ಈ ಬಲದಿಂದಲೇ. ರೈಲ್‌ಗನ್ ಎಂಬ ಸಾಧನದಲ್ಲಿ ಎರಡು ಲೋಹದ ಹಳಿಗಳನ್ನು ಸಮಾನಾಂತರವಾಗಿ ಇರಿಸಲಾಗುತ್ತದೆ. ಅವುಗಳ ನಡುವೆ ಎರಡನ್ನೂ ತಾಗಿಕೊಂಡು ಜಾರಬಲ್ಲ ವಾಹಕದ ತುಂಡೊಂದಿರುತ್ತದೆ. ಇದಕ್ಕೆ ಆರ್ಮೇಚರ್ ಎಂದು ಹೆಸರು. ವಿದ್ಯುತ್ತು ಒಂದು ಹಳಿಯಲ್ಲಿ ಮುಂದೆ ಹರಿದು, ಆರ್ಮೇಚರನ್ನು ದಾಟಿ, ಇನ್ನೊಂದು ಹಳಿಯಲ್ಲಿ ಹಿಂದಿರುಗುತ್ತದೆ. ಆಗ ಹಳಿಗಳ ನಡುವೆ ಉಂಟಾಗುವ ಕಾಂತಕ್ಷೇತ್ರವು ಆರ್ಮೇಚರನ್ನೂ ಅದರ ಮುಂದಿರುವ ಗುಂಡನ್ನೂ ಮುಂದಕ್ಕೆ ತಳ್ಳುತ್ತದೆ. ವಿದ್ಯುತ್ ಪ್ರವಾಹ ಇಮ್ಮಡಿಯಾದರೆ ಬಲ ನಾಲ್ಮಡಿಯಾಗುತ್ತದೆ. ಆದುದರಿಂದಲೇ ಇಲ್ಲಿ ಲಕ್ಷಾಂತರ ಆಂಪಿಯರ್ ಪ್ರವಾಹ ಬೇಕಾಗುತ್ತದೆ.

ಇನ್ನೊಂದು ವಿಧಾನದಲ್ಲಿ ಹಳಿಗಳಿಗೆ ಬದಲಾಗಿ ಸುರುಳಿಗಳ ಸಾಲು ಇರುತ್ತದೆ. ಒಂದಾದ ಮೇಲೊಂದರಂತೆ ಸುರುಳಿಗಳಿಗೆ ವಿದ್ಯುತ್ ಹರಿಸಿ, ಚಲಿಸುವ ಕಾಂತಕ್ಷೇತ್ರದಿಂದ ಹೊರೆಯನ್ನು ಮುಂದಕ್ಕೆ ಒಯ್ಯಲಾಗುತ್ತದೆ. ಇದರಲ್ಲಿ ಹೊರೆಯು ಹಳಿಗೆ ಉಜ್ಜುವುದಿಲ್ಲ. ಆದರೆ ಪ್ರತಿ ಸುರುಳಿಗೂ ಸರಿಯಾದ ಕ್ಷಣದಲ್ಲಿಯೇ ವಿದ್ಯುತ್ ಹರಿಯಬೇಕು.

ಪುಣೆಯಲ್ಲಿ ನಡೆದ ಕಾರ್ಯ

ಪುಣೆಯ ಪಾಷಾಣ್ ಭಾಗದಲ್ಲಿ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಘಟನೆಗೆ ಸೇರಿದ ಶಸ್ತ್ರಾಸ್ತ್ರ ಸಂಶೋಧನಾಲಯವಿದೆ. 1958ರಲ್ಲಿ ಸ್ಥಾಪಿತವಾದ ಈ ಸಂಸ್ಥೆ ಎ.ಆರ್.ಡಿ.ಇ. ಎಂದು ಪರಿಚಿತವಾಗಿದೆ. 1994ರಲ್ಲಿ ಇಲ್ಲಿಯ ವಿಜ್ಞಾನಿಗಳು 5 ಕಿಲೋವೋಲ್ಟಿನಲ್ಲಿ ಕೆಲಸ ಮಾಡುವ, 240 ಕಿಲೋಜೂಲ್ ಶಕ್ತಿಯನ್ನು ಕೂಡಿಡಬಲ್ಲ ಕೆಪಾಸಿಟರುಗಳ ಸಮೂಹವನ್ನು ಬಳಸಿ ರೈಲ್‌ಗನ್ ಒಂದನ್ನು ರೂಪಿಸಿದರು. 3ರಿಂದ 3.5 ಗ್ರಾಂ ತೂಕದ ಗುಂಡುಗಳು ಅದರಿಂದ ಸೆಕೆಂಡಿಗೆ 2,000 ಮೀಟರಿಗಿಂತ ಹೆಚ್ಚಿನ ವೇಗದಲ್ಲಿ ಹೊರಬಂದವು. 2017ರಲ್ಲಿ 12 ಮಿಲಿಮೀಟರ್ ಚೌಕ ನಳಿಗೆಯ ರೈಲ್‌ಗನ್ನಿನ ಪರೀಕ್ಷೆಯ ಸುದ್ದಿ ಪ್ರಕಟವಾಯಿತು. ಮುಂದಿನ ಹೆಜ್ಜೆಯಾಗಿ 30 ಮಿಲಿಮೀಟರ್ ಮಾದರಿಯನ್ನೂ, 10 ಮೆಗಾಜೂಲ್ ಕೆಪಾಸಿಟರ್ ಸಮೂಹದಿಂದ 1 ಕಿಲೋಗ್ರಾಂ ಗುಂಡಿಗೆ ಸೆಕೆಂಡಿಗೆ 2,000 ಮೀಟರ್ ಮೀರಿದ ವೇಗ ಕೊಡುವ ಗುರಿಯನ್ನೂ ಆಗ ತಿಳಿಸಲಾಗಿತ್ತು.

ಈ ಕಾರ್ಯದ ಉದ್ದೇಶ ದೇಶದ ರಕ್ಷಣೆಯೇ ಹೊರತು ಉಪಗ್ರಹ ಉಡಾವಣೆಯಲ್ಲ. ಆದರೂ ಬಾಹ್ಯಾಕಾಶಕ್ಕೆ ಸರಕು ಸಾಗಿಸುವ ಪ್ರಶ್ನೆಯನ್ನು ಅಳೆದು ನೋಡಲು ಈ ಅಂಕಿಗಳು ಒಳ್ಳೆಯ ಅಳತೆಗೋಲಾಗುತ್ತವೆ.

ಮೊದಲನೆಯದು ದಕ್ಷತೆ. 3.5 ಗ್ರಾಂ ಗುಂಡಿಗೆ ಆ ವೇಗದಲ್ಲಿರುವ ಚಲನಶಕ್ತಿ 7 ಕಿಲೋಜೂಲ್. ಇದು ಕೆಪಾಸಿಟರ್ ಸಮೂಹದ ಪೂರ್ಣ ಸಾಮರ್ಥ್ಯದ ನೂರಕ್ಕೆ ಸುಮಾರು ಮೂರು ಪಾಲು. 1 ಕಿಲೋಗ್ರಾಂ ಗುಂಡಿನ ಗುರಿ ಕೈಗೂಡಿದರೆ 10 ಮೆಗಾಜೂಲಿನಲ್ಲಿ 2 ಮೆಗಾಜೂಲ್, ಅಂದರೆ ಐದರಲ್ಲೊಂದು ಪಾಲು, ಗುಂಡಿಗೆ ಸಲ್ಲುತ್ತದೆ. ಉಳಿದ ಶಕ್ತಿಯಲ್ಲಿ ಬಹುಪಾಲು ಶಾಖವಾಗಿ ಹೋಗುತ್ತದೆ. ಆದುದರಿಂದ ಮೇಲೆ ಹೇಳಿದ 9 ಯೂನಿಟ್ಟಿನ ಲೆಕ್ಕ ಕನಿಷ್ಠ ಮಿತಿಯೇ ಹೊರತು ನಿಜವಾದ ಖರ್ಚಲ್ಲ.

ಎರಡನೆಯದು ಕಾಲ. 5 ಮೀಟರ್ ಉದ್ದದ ಹಳಿಯಲ್ಲಿ ಸೆಕೆಂಡಿಗೆ 2,000 ಮೀಟರ್ ವೇಗ ಪಡೆಯಬೇಕಾದರೆ ಎಲ್ಲವೂ ಸೆಕೆಂಡಿನ 200ರಲ್ಲಿ ಒಂದು ಭಾಗದೊಳಗೆ ಮುಗಿಯಬೇಕು. 2 ಮೆಗಾಜೂಲನ್ನು ಅಷ್ಟು ಅಲ್ಪ ಕಾಲದಲ್ಲಿ ಕೊಡುವುದೆಂದರೆ ಆ ಕ್ಷಣದ ಮಟ್ಟಿಗೆ 400 ಮೆಗಾವಾಟ್ ಸಾಮರ್ಥ್ಯ ಬೇಕೆಂದು ಅರ್ಥ. ಒಟ್ಟು ಶಕ್ತಿ ಒಂದು ಯೂನಿಟ್ಟಿಗಿಂತಲೂ ಕಡಮೆಯಾದರೂ, ಅದನ್ನು ನಿಧಾನವಾಗಿ ಕೂಡಿಟ್ಟು ಒಮ್ಮೆಲೇ ಸುರಿಯುವುದೇ ಕಠಿಣವಾದ ಕೆಲಸ. ಕೆಪಾಸಿಟರುಗಳು ಇಲ್ಲಿ ಕೆರೆಯಂತೆ ಕೆಲಸ ಮಾಡುತ್ತವೆ. ಹನಿಹನಿಯಾಗಿ ತುಂಬಿದ ನೀರು ತೂಬು ತೆರೆದೊಡನೆ ಭೋರ್ಗರೆದು ಹರಿಯುತ್ತದೆ.

ಭೂಮಿಯಿಂದ ಮೇಲೇರಲು ಇರುವ ತೊಡಕುಗಳು

ಗಾಳಿಯ ತಡೆ ಇಲ್ಲದಿದ್ದರೆ, ಸೆಕೆಂಡಿಗೆ 2 ಕಿಲೋಮೀಟರ್ ವೇಗದಲ್ಲಿ ನೇರವಾಗಿ ಮೇಲಕ್ಕೆ ಎಸೆದ ವಸ್ತು 200 ಕಿಲೋಮೀಟರಿಗೂ ಮೇಲೆ ಏರುತ್ತದೆ. ಇದು ಬರಿಯ ಕಲ್ಪನೆಯಲ್ಲ. 1966ರ ನವೆಂಬರ್ 18ರಂದು ಅಮೆರಿಕದ ಯೂಮಾದಲ್ಲಿ ಜೆರಾಲ್ಡ್ ಬುಲ್ ಅವರ ತಂಡ ಸಿಡಿಮದ್ದಿನ ದೊಡ್ಡ ಫಿರಂಗಿಯೊಂದರಿಂದ ಹಾರಿಸಿದ ಮಾರ್ಟ್‌ಲೆಟ್ ಉತ್ಕ್ಷೇಪಕ 180 ಕಿಲೋಮೀಟರ್ ಎತ್ತರ ಮುಟ್ಟಿತು. ಆದರೆ ಅದು ಕಕ್ಷೆಯನ್ನು ಸೇರದೆ ಮರಳಿ ಕೆಳಗೆ ಬಿದ್ದಿತು. ಬಾಹ್ಯಾಕಾಶವನ್ನು ಮುಟ್ಟುವುದು ಬೇರೆ, ಅಲ್ಲಿ ಉಳಿಯುವುದು ಬೇರೆ ಎಂಬುದನ್ನು ಇದರಿಂದ ತಿಳಿಯಬಹುದು. ಕಕ್ಷೆಗೆ ವೇಗ ನಾಲ್ಮಡಿ ಬೇಕು. ವೇಗ ನಾಲ್ಮಡಿಯಾದರೆ ಶಕ್ತಿ ಹದಿನಾರು ಮಡಿಯಾಗುತ್ತದೆ.

ಎರಡನೆಯ ತೊಡಕು ಹಳಿಯ ಉದ್ದ. ಒಂದು ಕಿಲೋಮೀಟರ್ ದೂರದಲ್ಲಿಯೇ ಸೆಕೆಂಡಿಗೆ 8 ಕಿಲೋಮೀಟರ್ ವೇಗ ಪಡೆಯಬೇಕಾದರೆ ಹೊರೆಯ ಮೇಲೆ ಅದರ ತೂಕದ 3,000 ಪಟ್ಟಿಗೂ ಮೀರಿದ ಬಲ ಬೀಳುತ್ತದೆ. ನೀರು, ಲೋಹದ ಗಟ್ಟಿ, ಇಂಧನಗಳಂಥ ಸರಕು ಇದನ್ನು ತಾಳಬಹುದು. ಮನುಷ್ಯ ಖಂಡಿತ ತಾಳಲಾರ. ಮನುಷ್ಯನಿಗೆ ಸಹ್ಯವಾಗುವಂತೆ, ತೂಕದ ಮೂರು ಪಟ್ಟಿಗೆ ಬಲವನ್ನು ಮಿತಿಗೊಳಿಸಿದರೆ ಹಳಿಯ ಉದ್ದ 1,000 ಕಿಲೋಮೀಟರ್ ಮೀರುತ್ತದೆ. ಆದುದರಿಂದ ಈ ವಿಧಾನ ಸರಕಿಗೆ ಮಾತ್ರ ಒಪ್ಪುವಂಥದು.

ಮೂರನೆಯದು ಗಾಳಿ. ರಾಕೆಟ್ಟು ದಟ್ಟವಾದ ಗಾಳಿಯನ್ನು ಕಡಮೆ ವೇಗದಲ್ಲಿ ದಾಟಿ, ಮೇಲೆ ಹೋದಂತೆ ವೇಗವನ್ನು ಹೆಚ್ಚಿಸಿಕೊಳ್ಳುತ್ತದೆ. ಹಳಿಯಿಂದ ಹೊರಟ ವಸ್ತುವಿಗಾದರೋ ಗಾಳಿ ಅತಿ ದಟ್ಟವಾಗಿರುವ ನೆಲದ ಬಳಿಯೇ ವೇಗ ಗರಿಷ್ಠವಾಗಿರುತ್ತದೆ. ಸಮುದ್ರಮಟ್ಟದಲ್ಲಿ ಆ ವೇಗಕ್ಕೆ ಎದುರಾಗುವ ಒತ್ತಡ ವಾಯುಮಂಡಲದ ಒತ್ತಡದ ನೂರಾರು ಪಟ್ಟು. ಎತ್ತರದ ಬೆಟ್ಟದ ನೆತ್ತಿಯಲ್ಲಿ ಉಡಾವಣಾ ನೆಲೆ ಇರಬೇಕೆಂಬ ಸೂಚನೆಗೆ ಇದೇ ಕಾರಣ.

ನಾಲ್ಕನೆಯದು ಕಕ್ಷೆಯ ನಿಯಮ. ನೆಲದಿಂದ ಎಸೆದ ವಸ್ತುವಿನ ಪಥ ಮತ್ತೆ ನೆಲವನ್ನೇ ಮುಟ್ಟುತ್ತದೆ. ಅದು ಕಕ್ಷೆಯಲ್ಲಿ ನಿಲ್ಲಬೇಕಾದರೆ ಮೇಲೆ ತಲಪಿದ ಬಳಿಕ ಇನ್ನೊಮ್ಮೆ ನೂಕು ಬೇಕು. ಅದಕ್ಕೊಂದು ಚಿಕ್ಕ ರಾಕೆಟ್ಟು ಜೊತೆಗಿರಲೇಬೇಕು.

ಇತರ ದೇಶಗಳ ಅನುಭವ

1970ರ ದಶಕದಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾ ನಗರದಲ್ಲಿ 5 ಮೀಟರ್ ಉದ್ದದ ರೈಲ್‌ಗನ್ನಿನಿಂದ 3 ಗ್ರಾಂ ಗುಂಡಿಗೆ ಸೆಕೆಂಡಿಗೆ 5.9 ಕಿಲೋಮೀಟರ್ ವೇಗ ಕೊಡಲಾಯಿತು. ಅಮೆರಿಕದ ನೌಕಾಪಡೆ 2010ರಲ್ಲಿ 33 ಮೆಗಾಜೂಲ್ ಶಕ್ತಿಯ ಪ್ರಯೋಗವನ್ನು ನಡೆಸಿತಾದರೂ 2021ರಲ್ಲಿ ಆ ಕಾರ್ಯಕ್ರಮವನ್ನು ನಿಲ್ಲಿಸಿತು. ಜಪಾನ್ 2023ರಲ್ಲಿ ಹಡಗಿನಿಂದ ರೈಲ್‌ಗನ್ ಹಾರಿಸಿ ನೋಡಿತು. ಶಾಖಕ್ಕೂ ಉಜ್ಜುವಿಕೆಗೂ ಹಳಿಗಳು ಬೇಗನೆ ಸವೆಯುವುದು ಎಲ್ಲ ದೇಶಗಳಿಗೂ ಎದುರಾಗಿರುವ ಸಮಸ್ಯೆ. ವೇಗ ಮಿತವಾಗಿರುವ ಕಡೆ ಮಾತ್ರ ವಿದ್ಯುತ್ಕಾಂತೀಯ ಉಡಾವಣೆ ದಿನಬಳಕೆಗೆ ಬಂದಿದೆ. 2017ರಲ್ಲಿ ಸೇವೆಗೆ ಸೇರಿದ ಅಮೆರಿಕದ ಜೆರಾಲ್ಡ್ ಆರ್. ಫೋರ್ಡ್ ವಿಮಾನವಾಹಕ ನೌಕೆಯಲ್ಲಿ ವಿಮಾನಗಳನ್ನು ಮೇಲೇರಿಸುವುದು ಇಂಥ ವ್ಯವಸ್ಥೆಯೇ.

ಚಂದ್ರನ ಮೇಲೆ ಬೇರೆಯೇ ಲೆಕ್ಕ

ಚಂದ್ರನಲ್ಲಿ ಗಾಳಿಯಿಲ್ಲ. ಗುರುತ್ವವೂ ಭೂಮಿಯ ಆರರಲ್ಲೊಂದು ಪಾಲು. ಅಲ್ಲಿ ನೆಲದ ಸಮೀಪದ ಕಕ್ಷೆಗೆ ಸೆಕೆಂಡಿಗೆ ಸುಮಾರು 1.7 ಕಿಲೋಮೀಟರ್, ಚಂದ್ರನ ಸೆಳೆತದಿಂದ ಬಿಡಿಸಿಕೊಳ್ಳಲು ಸುಮಾರು 2.4 ಕಿಲೋಮೀಟರ್ ವೇಗ ಸಾಕು. ಪುಣೆಯಲ್ಲಿ 1994ರಲ್ಲಿ ಪಡೆದ ವೇಗ ಈ ಎರಡು ಅಂಕಿಗಳ ನಡುವೆ ಬರುತ್ತದೆ. ಅಮೆರಿಕದ ವಿಜ್ಞಾನಿಗಳಾದ ಜೆರಾರ್ಡ್ ಓನೀಲ್ ಮತ್ತು ಹೆನ್ರಿ ಕೋಲ್ಮ್ 1970ರ ದಶಕದಲ್ಲಿ ಸುರುಳಿಗಳ ಮಾದರಿ ಯಂತ್ರವೊಂದನ್ನು ನಿರ್ಮಿಸಿ ತೋರಿಸಿದ್ದು, ಚಂದ್ರನ ಮಣ್ಣನ್ನೂ ಖನಿಜಗಳನ್ನೂ ಹೀಗೆ ಮೇಲಕ್ಕೆ ಕಳುಹಿಸುವ ಉದ್ದೇಶದಿಂದಲೇ.

ವಿದ್ಯುತ್ಕಾಂತೀಯ ಉಡಾವಣೆಯ ಸುದ್ದಿ ಕಂಡಾಗ ಓದುಗರು ಮೂರು ಪ್ರಶ್ನೆಗಳನ್ನು ಕೇಳಬೇಕು. ಎಸೆದ ವಸ್ತುವಿನ ತೂಕವೆಷ್ಟು? ಪಡೆದ ವೇಗವೆಷ್ಟು? ಅದೇ ಹಳಿ ಎಷ್ಟು ಸಲ ಮರುಬಳಕೆಗೆ ಬಂದಿತು? ಪುಣೆಯ ಪ್ರಯೋಗ ವೇಗದ ಪ್ರಶ್ನೆಗೆ ಒಂದು ಮಟ್ಟಿನ ಉತ್ತರ ಕೊಟ್ಟಿದೆ. ಆದರೆ ಗ್ರಾಂ ಲೆಕ್ಕದ ಗುಂಡಿನಿಂದ ಟನ್ ಲೆಕ್ಕದ ಸರಕಿನವರೆಗಿನ ದಾರಿ ದೀರ್ಘವಾದುದು. ಆ ದಾರಿಯನ್ನು ಕ್ರಮಿಸುವವರೆಗೆ ಭೂಮಿಯಿಂದ ಮೇಲೇರಲು ರಾಕೆಟ್ಟೇ ಆಧಾರ. ವಿದ್ಯುತ್ತಿನ ಹಳಿ ಅದಕ್ಕೆ ಮೊದಲ ನೂಕು ಕೊಡುವ ಸಹಾಯಕವಾಗಬಹುದು. ಸ್ವತಂತ್ರ ವಾಹನವಾಗಿ ಅದು ಮೊದಲು ನೆಲೆಗೊಳ್ಳುವುದಾದರೆ, ಗಾಳಿಯಿಲ್ಲದ ಚಂದ್ರನ ನೆಲವೇ ಅದಕ್ಕೆ ಹೆಚ್ಚು ತಕ್ಕುದಾದ ಸ್ಥಳ.