ತಡವಾಗಿ ಕೇಳಿಬಂದ ಹಾಡುಗಳು

ಇಂದಿನ ಹುಡುಗಿಯರು ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಕೇಳುವ ಪಾಶ್ಚಾತ್ಯ ಹಾಡುಗಳೆಲ್ಲವೂ ಬರಿಯ ಗದ್ದಲವೆಂದು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ತಾಯಿತಂದೆಗಳಲ್ಲಿಯೂ ಅನೇಕರು ಭಾವಿಸಿರುವುದುಂಟು. ಗದ್ದಲವಿರುವುದು ನಿಜವೇ. ಆದಾಗ್ಯೂ ಆ ಗದ್ದಲದ ನೆರೆಯಲ್ಲಿಯೇ ಒಂದು ಗಿಟಾರು, ಒಂದು ಕಂಠ ಇಷ್ಟರಿಂದಲೇ ನಡೆಯುವ ಹಾಡುಗಾರಿಕೆಯೊಂದುಂಟು. ಅದರೊಳಗೆ ನಮಗೆ ಪ್ರಿಯವಾದ ಕೆಲವು ಆಲ್ಬಮುಗಳ ವಿಷಯವಾಗಿ ಇಲ್ಲಿ ಬರೆಯುತ್ತೇವೆ. ಇವುಗಳಲ್ಲಿ ಹೆಚ್ಚಿನವು ಹಾಡಿದ ಕಾಲದಲ್ಲಿ ಯಾರಿಗೂ ಬೇಡವಾಗಿದ್ದು, ಮೂವತ್ತು, ಐವತ್ತು ವರ್ಷಗಳಾದ ಮೇಲೆ ಕೇಳುವವರನ್ನು ಪಡೆದವು.

ಮೊದಲು ಒಂದೆರಡು ಪದಗಳ ಅರ್ಥವನ್ನು ತಿಳಿಯುವುದೊಳಿತು. ಹಿಂದಿನ ಗ್ರಾಮಫೋನು ತಟ್ಟೆಯು ನಿಮಿಷಕ್ಕೆ ಸುಮಾರು 78 ಸುತ್ತು ತಿರುಗುತ್ತಿತ್ತು. ಅದರ ಒಂದು ಬದಿಯಲ್ಲಿ ಮೂರು ನಾಲ್ಕು ನಿಮಿಷಗಳ ಹಾಡು ಮಾತ್ರ ಹಿಡಿಯುತ್ತಿತ್ತು. ದೊಡ್ಡ ಕೃತಿಯಾದರೆ ಹಲವು ತಟ್ಟೆಗಳನ್ನು ಭಾವಚಿತ್ರದ ಆಲ್ಬಮಿನಂತೆ ಒಂದೇ ಹೊದಿಕೆಯೊಳಗೆ ಜೋಡಿಸಿ ಮಾರುತ್ತಿದ್ದರು. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿಯವರು ಬದಿಗೆ ಇಪ್ಪತ್ತು ನಿಮಿಷಗಳಷ್ಟು ಹಿಡಿಯುವ ದೀರ್ಘ ತಟ್ಟೆಯನ್ನು ಹೊರತಂದರು. ತಟ್ಟೆ ಒಂದೇ ಆದರೂ ಆಲ್ಬಮೆಂಬ ಹೆಸರು ಉಳಿದುಕೊಂಡಿತು. ಫೋಕ್ ಎಂಬುದು ನಮ್ಮಲ್ಲಿ ಬೀಸುವಾಗ ಕುಟ್ಟುವಾಗ ಹಾಡುವ ಪದಗಳಂತೆ ಕರ್ತೃವಿನ ಹೆಸರಿಲ್ಲದೆ ಬಾಯಿಂದ ಬಾಯಿಗೆ ಬಂದ ಹಾಡು. ಅದೇ ಧಾಟಿಯಲ್ಲಿ ಸ್ವಂತವಾಗಿ ರಚಿಸಿದ ಹಾಡಿಗೂ ಈಗ ಅದೇ ಹೆಸರು. ಇಂಡಿ ಎಂದರೆ, ದೊಡ್ಡ ಕಂಪನಿಗಳ ಹಂಗಿಲ್ಲದೆ ಸಣ್ಣ ಸಂಸ್ಥೆಗಳವರು ತಾವೇ ಹೊರತರುವ ಸಂಗೀತ. ಈ ಸಣ್ಣ ಸಂಸ್ಥೆಗಳಿಲ್ಲದಿದ್ದರೆ ನಾವು ಮುಂದೆ ಹೇಳುವ ಹಾಡುಗಳಲ್ಲಿ ಕೆಲವು ನಮ್ಮ ಕಿವಿಗೆ ಬೀಳುತ್ತಲೇ ಇರಲಿಲ್ಲ.

ಕಾನಿ ಕಾನ್ವರ್ಸ್ ಎಂಬಾಕೆಯು 1924ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ಸೀಮೆಯಲ್ಲಿ ಒಬ್ಬ ಬ್ಯಾಪ್ಟಿಸ್ಟ್ ಪಾದ್ರಿಯ ಮಗಳಾಗಿ ಹುಟ್ಟಿದಳು. ಮೌಂಟ್ ಹೋಲಿಯೋಕ್ ಎಂಬ ಸ್ತ್ರೀಯರ ಕಾಲೇಜಿನಲ್ಲಿ ಎರಡು ವರ್ಷ ಓದಿ, ಪದವಿಯನ್ನು ಪೂರೈಸದೆ ನ್ಯೂಯಾರ್ಕಿಗೆ ಹೋಗಿ ನೆಲಸಿದಳು. ಆ ಕಾಲದ ಫೋಕ್ ಗಾಯಕರು ಬಹುಮಟ್ಟಿಗೆ ಪರಂಪರೆಯ ಹಾಡುಗಳನ್ನೇ ಹಾಡುತ್ತಿದ್ದರು. ಈಕೆಯಾದರೋ ಮಾತನ್ನೂ ಮಟ್ಟನ್ನೂ ತಾನೇ ಕಟ್ಟಿ, ಗಿಟಾರು ಹಿಡಿದು ಸ್ನೇಹಿತರ ಮನೆಗಳಲ್ಲಿ ಹಾಡುತ್ತಿದ್ದಳು. 1954ರಲ್ಲಿ ವ್ಯಂಗ್ಯಚಲನಚಿತ್ರಗಳ ಕರ್ತೃವಾದ ಜೀನ್ ಡೈಚ್ ತನ್ನ ಮನೆಯಲ್ಲಿ ಆಕೆಯ ಹಾಡುಗಳನ್ನು ಟೇಪಿನ ಮೇಲೆ ಹಿಡಿದಿಟ್ಟನು. ಅದೇ ವರ್ಷ ಒಂದು ಸಾರಿ ದೂರದರ್ಶನದ ಬೆಳಗಿನ ಕಾರ್ಯಕ್ರಮದಲ್ಲಿಯೂ ಹಾಡಿದಳು. ಅದರಿಂದ ಏನೂ ಒದಗಿಬರಲಿಲ್ಲ. 1961ರಲ್ಲಿ ಆಕೆ ಮಿಷಿಗನ್ನಿನ ಆನ್ ಆರ್ಬರಿಗೆ ಹೋಗಿ ಒಂದು ವಿದ್ವತ್ಪತ್ರಿಕೆಯ ಸಂಪಾದಕೀಯ ಕಾರ್ಯದಲ್ಲಿ ತೊಡಗಿದಳು. 1974ರ ಆಗಸ್ಟಿನಲ್ಲಿ, ತನ್ನ ಐವತ್ತನೆಯ ವಯಸ್ಸಿನಲ್ಲಿ, ಬಂಧುಮಿತ್ರರಿಗೆ ಪತ್ರಗಳನ್ನು ಬರೆದಿಟ್ಟು ತನ್ನ ಮೋಟಾರಿನಲ್ಲಿ ಹೊರಟುಹೋದವಳನ್ನು ಮರಳಿ ಕಂಡವರಿಲ್ಲ.

ಮೂವತ್ತು ವರ್ಷಗಳು ಕಳೆದವು. 2004ರಲ್ಲಿ ವೃದ್ಧನಾದ ಡೈಚ್ ನ್ಯೂಯಾರ್ಕಿನ ಒಂದು ರೇಡಿಯೋ ಕಾರ್ಯಕ್ರಮದಲ್ಲಿ ಆಕೆಯ ಹಾಡೊಂದನ್ನು ಕೇಳಿಸಲಾಗಿ, ಅದನ್ನು ಆಲಿಸಿದ ಯುವಕನೊಬ್ಬನು ಆಸಕ್ತಿ ವಹಿಸಿ ಹುಡುಕತೊಡಗಿದನು. ಡೈಚನ ಟೇಪುಗಳೂ, ಆಕೆಯ ಸಹೋದರ ಫಿಲಿಪ್ ಕಾಪಾಡಿದ್ದ ಟೇಪುಗಳೂ ಸೇರಿ 2009ರಲ್ಲಿ ‘ಹೌ ಸ್ಯಾಡ್, ಹೌ ಲವ್ಲಿ’ ಎಂಬ ಆಲ್ಬಮು ಸಿದ್ಧವಾಯಿತು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಈ ಗಾಯಕಿಯ ಹೆಸರೆತ್ತಿದವರೆಲ್ಲರೂ ಆಕೆ ಕಾಣೆಯಾದ ಸಂಗತಿಯನ್ನೇ ಹೇಳುತ್ತಾರೆ, ಹಾಡನ್ನು ಕೇಳುವ ಮುಂಚೆಯೇ ಕಣ್ಣೀರನ್ನು ಸಿದ್ಧಮಾಡಿಕೊಳ್ಳುತ್ತಾರೆ. ಇದು ನಮಗೆ ಸರಿದೋರುವುದಿಲ್ಲ. ‘ಟಾಕಿಂಗ್ ಲೈಕ್ ಯು’ ಎಂಬ ಆಕೆಯ ಹಾಡನ್ನು ಕೇಳಿ ನೋಡಿರಿ. ಒಂಟಿಯಾಗಿರುವ ಹೆಣ್ಣೊಬ್ಬಳಿಗೆ ಅಳಿಲಿನ ಸದ್ದಿನಲ್ಲಿ ಹಿಂದಿನ ಜಗಳವೂ, ಊಟದ ಹೊತ್ತಿಗೆ ಬಂದು ಸೇರುವ ಹಂದಿಗಳಲ್ಲಿ ಹಿಂದಿನ ಅತಿಥಿಯೂ ನೆನಪಾಗುತ್ತವೆ. ತಾನು ಒಂಟಿಯಲ್ಲವೆಂದು ಆಕೆ ಸಾಧಿಸುತ್ತಾ ಹೋಗುತ್ತಾಳೆ. ನಗೆಯೊಳಗೆ ದುಃಖವನ್ನು ಇಷ್ಟು ಅಚ್ಚುಕಟ್ಟಾಗಿ ಮಡಿಸಿಟ್ಟವಳು ಕೇವಲ ಕರುಣೆಗೆ ಪಾತ್ರಳಾದ ಅಬಲೆಯಲ್ಲ. ತನ್ನ ಕೆಲಸವನ್ನು ಬಲ್ಲ ಕುಶಲೆ. ಜೀವನವೃತ್ತಾಂತವು ಹಾಡನ್ನು ನುಂಗುವುದಾದರೆ ಆಕೆಯನ್ನು ಎರಡನೆಯ ಸಾರಿ ಕಳೆದುಕೊಂಡಂತೆಯೇ ಸರಿ.

ಇಂಗ್ಲೆಂಡಿನ ವಾಷ್ಟಿ ಬನ್ಯನ್ ಎಂಬಾಕೆಯ ವೃತ್ತಾಂತವು ಬೇರೆ ತೆರನಾದದ್ದು. ಆಕೆಯು ಬದುಕಿರುವಾಗಲೇ ತನ್ನ ಹಾಡಿಗೆ ಕಿವಿಗೊಟ್ಟವರನ್ನು ಕಂಡಳು. 1945ರಲ್ಲಿ ಹುಟ್ಟಿದ ಈಕೆಗೆ ಇಪ್ಪತ್ತನೆಯ ವಯಸ್ಸಿನಲ್ಲಿ ದೊಡ್ಡ ಕಂಪನಿಯ ಮೂಲಕ ಒಂದು ತಟ್ಟೆ ಮಾಡುವ ಅವಕಾಶವೇನೋ ದೊರೆಯಿತು; ಆದರೆ ಮುಖ್ಯವಾಗಿ ಹಾಡಬೇಕಾದದ್ದು ಪರರು ಬರೆದ ಗೀತೆ. ಅದು ನಡೆಯಲಿಲ್ಲ. 1968ರಲ್ಲಿ ಆಕೆ ಜೊತೆಗಾರನೊಬ್ಬನೊಡನೆ ಕುದುರೆಗಾಡಿ ಕಟ್ಟಿಕೊಂಡು ಲಂಡನಿನಿಂದ ಸ್ಕಾಟ್ಲೆಂಡಿನ ಪಡುವಣ ದ್ವೀಪಗಳ ಕಡೆಗೆ ಹೊರಟಳು. ಬೆಸ್ ಎಂಬ ಆ ಕುದುರೆಯ ನಡಿಗೆಯಲ್ಲಿ ಪ್ರಯಾಣವು ವರ್ಷಕ್ಕೂ ಮಿಕ್ಕಿ ಸಾಗಿತು. ದಾರಿಯಲ್ಲಿ ಹುಟ್ಟಿದ ಹಾಡುಗಳನ್ನು ಜೋ ಬಾಯ್ಡ್ ಎಂಬ ನಿರ್ಮಾಪಕನು 1969ರ ಕೊನೆಯಲ್ಲಿ ಧ್ವನಿಮುದ್ರಿಸಿದನು. 1970ರ ಡಿಸೆಂಬರಿನಲ್ಲಿ ಹೊರಬಂದ ‘ಜಸ್ಟ್ ಅನದರ್ ಡೈಮಂಡ್ ಡೇ’ ಎಂಬ ಆಲ್ಬಮನ್ನು ಕೊಂಡವರು ಅತಿ ಸ್ವಲ್ಪ ಮಂದಿ. ಆಕೆ ಗಿಟಾರನ್ನು ಬದಿಗಿಟ್ಟು, ಮಕ್ಕಳನ್ನೂ ಪಶುಗಳನ್ನೂ ಸಾಕುತ್ತಾ ಹಾಡುಗಾರಿಕೆಯಿಂದ ದೂರವಾದಳು.

ಆ ಆಲ್ಬಮಿನಲ್ಲಿ ದೊಡ್ಡ ಘಟನೆಯೊಂದೂ ಇಲ್ಲ. ಕೊಟ್ಟಿಗೆ, ಹೊಲ, ಒಲೆಯ ಹೊಗೆ, ಸಂಜೆಯ ಕೆಲಸ ಇವುಗಳೇ ವಸ್ತು. ಕಂಠವು ಪಿಸುಮಾತಿಗಿಂತ ತುಸುವೇ ಗಟ್ಟಿ, ಗಮಕವಿಲ್ಲ, ನಡುಕವಿಲ್ಲ. ಮೊದಲ ಸಾರಿ ಕೇಳಿದವರಿಗೆ ಇದು ಶಿಶುಗೀತೆಯೇ ಎಂದು ತೋರೀತು. ಎರಡನೆಯ ಸಾರಿ ಕೇಳುವಾಗ ಗಿಟಾರಿನ ಮೇಲೆ ಗಮನವಿರಲಿ: ಹೆಬ್ಬೆರಳು ಮಂದ್ರದ ತಂತಿಗಳಲ್ಲಿ ಬಂಡಿಯ ಗಾಲಿಯಂತೆ ಬಿಡದೆ ನಡೆಯುತ್ತಿರಲು, ಉಳಿದ ಬೆರಳುಗಳು ಮೇಲಿನ ತಂತಿಗಳಲ್ಲಿ ಬೇರೊಂದು ನೇಯ್ಗೆಯನ್ನು ನೇಯುತ್ತವೆ. (ತನ್ನನ್ನು ಫೋಕ್ ಗಾಯಕಿಯೆಂದು ಕರೆಯುವುದನ್ನು ಆಕೆ ಎಂದೂ ಒಪ್ಪಿದವಳಲ್ಲ, ಅಂಗಡಿಗಾರರಿಗಾದರೋ ಹೆಸರುಪಟ್ಟಿ ಬೇಕಲ್ಲವೇ!)

2000ದಲ್ಲಿ ಈ ಆಲ್ಬಮು ಮರುಮುದ್ರಣಗೊಂಡಿತು. ಡೆವೆಂಡ್ರಾ ಬ್ಯಾನ್‌ಹಾರ್ಟ್ ಎಂಬ ತರುಣ ಗಾಯಕನು ತನ್ನ ಸಂಗೀತದ ವಿಷಯದಲ್ಲಿ ಸಲಹೆಯನ್ನು ಬೇಡಿ ಆಕೆಗೆ ಬರೆದನು. 2005ರಲ್ಲಿ, ಮೊದಲನೆಯ ಆಲ್ಬಮಾಗಿ ಮೂವತ್ತೈದು ವರ್ಷಗಳಾದ ಮೇಲೆ, ‘ಲುಕಾಫ್ಟರಿಂಗ್’ ಎಂಬ ಎರಡನೆಯದನ್ನು ಒಂದು ಇಂಡಿ ಸಂಸ್ಥೆಯು ಹೊರತಂದಿತು. ಅದೇ ಕಂಠ; ವಯಸ್ಸು ಅದನ್ನು ಮುಟ್ಟಿದೆ, ಕೆಡಿಸಿಲ್ಲ. ಎರಡರಲ್ಲಿ ಒಂದನ್ನು ಆರಿಸಬೇಕಾದರೆ ನಾವು ಈ ಎರಡನೆಯದನ್ನೇ ಆರಿಸುತ್ತೇವೆ. ಮನೆವಾರ್ತೆಯನ್ನು ನಡೆಯಿಸಿ ಮಕ್ಕಳನ್ನು ಬೆಳೆಸಿದ ಹೆಂಗಸು ಮಾತ್ರ ಹಾಡಬಲ್ಲ ಹಾಡುಗಳು ಅದರಲ್ಲಿವೆ.

ಜರ್ಮನಿಯ ಸಿಬಿಲೆ ಬಾಯರ್ ಎಂಬಾಕೆಯು ತಟ್ಟೆ ಮಾಡಬೇಕೆಂದು ಹೊರಟವಳೇ ಅಲ್ಲ. 1970ರಿಂದ 1973ರ ವರೆಗೆ ಮನೆಯಲ್ಲಿಯೇ ಟೇಪಿನ ಮೇಲೆ ಹಾಡಿಟ್ಟದ್ದನ್ನು ಸುಮಾರು ಮೂವತ್ತು ವರ್ಷಗಳ ತರುವಾಯ ಆಕೆಯ ಮಗನು ಮನೆಯವರಿಗೋಸ್ಕರ ಒಂದುಗೂಡಿಸಿದನು. ಅದರ ಒಂದು ಪ್ರತಿಯು ಡೈನೊಸಾರ್ ಜೂನಿಯರ್ ಎಂಬ ಇಂಡಿ ರಾಕ್ ತಂಡದ ಜೆ ಮ್ಯಾಸ್ಕಿಸನ ಕೈಸೇರಿ, ಅವನಿಂದ ಒಂದು ಸಣ್ಣ ಸಂಸ್ಥೆಗೆ ತಲಪಿ, 2006ರಲ್ಲಿ ‘ಕಲರ್ ಗ್ರೀನ್’ ಎಂದು ಪ್ರಕಟವಾಯಿತು. ಹಾಡುಗಳು 14, ಅರ್ಧ ಗಂಟೆಯ ಸ್ವಲ್ಪ ಮೇಲೆ. ಕಿವಿಗಡಚಿಕ್ಕುವ ಗಿಟಾರಿಗೆ ಹೆಸರಾದವನೇ ಈ ಮೆಲುದನಿಯನ್ನು ಲೋಕಕ್ಕೆ ದಾಟಿಸಿದನೆಂಬುದು, ನಾವು ಮೊದಲು ಹೇಳಿದ ಗದ್ದಲವನ್ನು ಕುರಿತು ಅವಸರದ ತೀರ್ಪು ಕೊಡುವವರು ಗಮನಿಸತಕ್ಕ ವಿಷಯ.

ಹೊಸದಾಗಿ ನಮಗೆ ದೊರೆತ ಹಾಡುಗಳಲ್ಲಿ ಆಡ್ರಿಯನ್ ಲೆಂಕರಳ ‘ಸಾಂಗ್ಸ್’ ಎಂಬ ಆಲ್ಬಮು ಮುಖ್ಯವಾದದ್ದು. ಆಕೆಯ ಬಿಗ್ ಥೀಫ್ ಎಂಬ ತಂಡದ ಸಂಚಾರವು 2020ರ ಸಾಂಕ್ರಾಮಿಕದ ದೆಸೆಯಿಂದ ನಡುವೆಯೇ ನಿಂತುಹೋಗಲು, ಆಕೆ ಮ್ಯಾಸಚೂಸೆಟ್ಸಿನ ಪಶ್ಚಿಮ ಭಾಗದಲ್ಲಿ ಕಾಡಿನ ನಡುವಣ ಒಂದೇ ಕೋಣೆಯ ಮರದ ಮನೆಯನ್ನು ಸೇರಿ, ಹಳೆಯ ಪದ್ಧತಿಯಂತೆ ಟೇಪಿನ ಮೇಲೆಯೇ ಹಾಡಿದಳು. ಗಿಟಾರಿನ ಮರದ ಸದ್ದು, ಉಸಿರಾಟದ ಸದ್ದು ಎಲ್ಲವೂ ಅದರಲ್ಲಿವೆ. ಹಾಡಿನ ನಡುನಡುವೆ ಹೊರಗಿನ ಹಕ್ಕಿಗಳೂ ಕೂಗುತ್ತವೆ. ಅವನ್ನು ಅಳಿಸದೆ ಹಾಗೆಯೇ ಬಿಟ್ಟಿದ್ದಾರೆ.