ಚಳಿಗಾಲದ ಕೊರತೆ ಬೇಸಿಗೆಯಲ್ಲಿ ತುಂಬುವುದೇ?

ಪ್ರಶ್ನೆ: ಐರ್ಲೆಂಡಿನಲ್ಲಿ ಮಾಂಸದ ತಳಿಯ ದನ ಸಾಕುವ ಫಾರ್ಮಿನಲ್ಲಿ ಕೆಲಸ ಮಾಡುತ್ತೇನೆ. ಚಳಿಗಾಲದಲ್ಲಿ ಕರುಗಳಿಗೆ ಹಿಂಡಿ ತಗ್ಗಿಸಿದರೆ ಬೆಳವಣಿಗೆ ಶಾಶ್ವತವಾಗಿ ಕುಂಠಿತವಾಗುತ್ತದೆಯೇ?

ಉತ್ತರ: ಕಡಿತ ಮಿತವಾಗಿದ್ದು, ಮುಂದೆ ಒಳ್ಳೆಯ ಹುಲ್ಲು ಖಚಿತವಿದ್ದರೆ ಹೆದರಬೇಕಿಲ್ಲ. ಮೇವು ಕಡಿಮೆಯಾದಾಗ ಯಕೃತ್ತು, ಕರುಳುಗಳ ಗಾತ್ರ ಕುಗ್ಗಿ, ಬರೀ ಬದುಕಿರಲು ಬೇಕಾದ ಶಕ್ತಿಯ ಖರ್ಚು ಇಳಿಯುತ್ತದೆ. ಮತ್ತೆ ಹೊಟ್ಟೆತುಂಬ ಸಿಕ್ಕಾಗ ತಿಂದದ್ದರಲ್ಲಿ ಹೆಚ್ಚಿನ ಪಾಲು ಮೈಗೆ ಹತ್ತುತ್ತದೆ. ತಿನ್ನುವ ಪ್ರಮಾಣವೂ ಕ್ರಮೇಣ ಏರುತ್ತದೆ. ಆದ್ದರಿಂದಲೇ ಐರ್ಲೆಂಡಿನಲ್ಲಿ ತಾಯಿ ಬಿಟ್ಟ ಕರುಗಳು ಚಳಿಗಾಲದಲ್ಲಿ ದಿನಕ್ಕೆ ಸುಮಾರು 0.5ರಿಂದ 0.6 ಕಿಲೋ ತೂಕ ಏರಿದರೆ ಸಾಕೆನ್ನುತ್ತಾರೆ. ಅದಕ್ಕಿಂತ ಹೆಚ್ಚಿಸಲು ಸುರಿದ ಹಿಂಡಿಯ ಲಾಭ ಬಹುಪಾಲು ಬೇಸಿಗೆಯ ಹುಲ್ಲುಗಾವಲಿನಲ್ಲಿ ಕರಗಿಹೋಗುತ್ತದೆ.

ಹಾಗಾದರೆ ಇನ್ನಷ್ಟು ಕಡಿತ ಮಾಡಿ ಇನ್ನಷ್ಟು ಉಳಿಸಬಾರದೇಕೆ ಎಂದು ಕೇಳಬಹುದು. ಖಂಡಿತ ಬೇಡ. ಕಳೆದುಕೊಂಡ ತೂಕವೆಲ್ಲ ಮರಳುವುದು ಅಪರೂಪ. ಹುಟ್ಟಿದ ಮೊದಲ ತಿಂಗಳುಗಳಲ್ಲಿ ಬಿದ್ದ ಪೆಟ್ಟಂತೂ ಸುಲಭವಾಗಿ ತುಂಬದು. ಮೇಯಲು ಬಿಟ್ಟ ಮೊದಲ ವಾರಗಳಲ್ಲಿ ತಕ್ಕಡಿ ತೋರಿಸುವ ಏರಿಕೆಯಲ್ಲಿ ಹೊಟ್ಟೆಯೊಳಗಿನ ಮೇವು, ನೀರಿನ ಪಾಲೂ ಇರುವುದರಿಂದ ಅದನ್ನೇ ನಂಬಬೇಡಿ. ವಸಂತದಲ್ಲೇ ಮಾರಾಟಕ್ಕೆ ಹೋಗುವ ದನಗಳಿಗೆ ಕೊರತೆ ತುಂಬಿಕೊಳ್ಳಲು ಸಮಯವೇ ಇರದು. ಅವುಗಳ ಹಿಂಡಿಗೆ ಕೈ ಹಚ್ಚಬೇಡಿ. ಉಳಿದವುಗಳನ್ನು ತಿಂಗಳಿಗೊಮ್ಮೆ ತೂಗಿ, ದಿನದ ಸರಾಸರಿ ಏರಿಕೆ 0.5 ಕಿಲೋಗಿಂತ ಇಳಿದರೆ ಹಿಂಡಿ ಹೆಚ್ಚಿಸಿ.