ಜಾಲತಾಣಗಳ ವಿಲೀನ: ಆಸ್ತಿಯೊಡನೆ ಹೊಣೆಯೂ ವರ್ಗವಾಗುತ್ತದೆ

ಒಂದೇ ಉದ್ದಿಮೆಗೆ ಮೂರು ನಾಲ್ಕು ಜಾಲತಾಣಗಳಿರುವುದು ಸಣ್ಣ ಕೈಗಾರಿಕೆಗಳಲ್ಲಿ ಅಪರೂಪವಲ್ಲ. ಸರಕಿಗೊಂದು, ಊರಿಗೊಂದು, ರಫ್ತಿಗೊಂದು ಎಂದು ಪ್ರತ್ಯೇಕ ತಾಣಗಳನ್ನು ತೆರೆದರೆ ಗೂಗಲ್‌ನಂತಹ ಶೋಧಯಂತ್ರಗಳಲ್ಲಿ ಹೆಚ್ಚು ಸ್ಥಾನಗಳು ದೊರೆಯುತ್ತವೆಂಬ ಸಲಹೆ ಒಂದು ಕಾಲದಲ್ಲಿ ಧಾರಾಳವಾಗಿ ಕೇಳಿಬರುತ್ತಿತ್ತು. ಅಂತಹ ತಾಣಗಳು ಈಗ ನಿರ್ವಹಣಾ ವೆಚ್ಚವನ್ನು ಹೆಚ್ಚಿಸುತ್ತಿರುವುದಲ್ಲದೆ, ಕೆಲವು ಶೋಧಯಂತ್ರದ ದಂಡನೆಗೂ ಗುರಿಯಾಗಿ, ಗ್ರಾಹಕರ ವಿಚಾರಣೆಗಳು ಇಳಿಮುಖವಾಗಿವೆ. ಇವೆಲ್ಲವನ್ನೂ ಒಂದೇ ತಾಣದಲ್ಲಿ ವಿಲೀನಗೊಳಿಸುವುದು ಸೂಕ್ತ ಮಾರ್ಗವೇ ಸರಿ. ಆದರೆ ವಿಲೀನವೇ ದಂಡನೆಗೆ ಪರಿಹಾರವೆಂದು ಭಾವಿಸಿ ಆತುರಪಟ್ಟರೆ, ಒಂದು ತಾಣದ ದೋಷವು ಮತ್ತೊಂದಕ್ಕೂ ತಗಲುವ ಸಂಭವವಿದೆ.

ಕಂಪನಿಗಳ ಸಂಯೋಜನೆಯನ್ನು ಕುರಿತ ಲೆಕ್ಕಪತ್ರ ಮಾನಕ 14ರ ಪ್ರಕಾರ, ವಿಲೀನ ಸ್ವರೂಪದ ಸಂಯೋಜನೆಯಲ್ಲಿ ವರ್ಗಾಯಿಸುವ ಕಂಪನಿಯ ಸಮಸ್ತ ಆಸ್ತಿಗಳೂ ಹೊಣೆಗಳೂ ಪಡೆಯುವ ಕಂಪನಿಯವಾಗುತ್ತವೆ. ಲಾಭವನ್ನು ಮಾತ್ರ ತೆಗೆದುಕೊಂಡು ಸಾಲವನ್ನು ಬಿಟ್ಟುಬರಲು ಅವಕಾಶವಿಲ್ಲ. ಜಾಲತಾಣಗಳ ವಿಲೀನಕ್ಕೂ ಇದೇ ತತ್ತ್ವ ಅನ್ವಯಿಸುತ್ತದೆ.

ದಂಡನೆಯ ಹಿನ್ನೆಲೆ

ಇತರ ತಾಣಗಳು ಒಂದು ಪುಟಕ್ಕೆ ನೀಡುವ ಕೊಂಡಿಗಳನ್ನು ಆ ಪುಟದ ಯೋಗ್ಯತೆಗೆ ಸಾಕ್ಷಿಯೆಂದು ಪರಿಗಣಿಸುವುದು ಗೂಗಲ್‌ನ ಮೂಲ ವಿಧಾನ. ಸಾಕ್ಷಿಗೆ ಬೆಲೆ ಬಂದೊಡನೆ ಸುಳ್ಳು ಸಾಕ್ಷಿಯ ವ್ಯಾಪಾರವೂ ಬೆಳೆಯಿತು. ಹಣ ಕೊಟ್ಟು ಕೊಂಡಿಗಳನ್ನು ಕೊಳ್ಳುವುದು, ಊರಿನ ಹೆಸರನ್ನಷ್ಟೇ ಬದಲಿಸಿ ಒಂದೇ ವಿವರಣೆಯನ್ನು ಹತ್ತಾರು ಪುಟಗಳಲ್ಲಿ ಮುದ್ರಿಸುವುದು, ಸ್ವಂತ ತಾಣಗಳಿಂದ ಪರಸ್ಪರ ಕೊಂಡಿ ಹಾಕಿಕೊಳ್ಳುವುದು ರೂಢಿಗೆ ಬಂದವು.

ಇದನ್ನು ತಡೆಯಲು ಗೂಗಲ್ 2011ರ ಫೆಬ್ರವರಿಯಲ್ಲಿ ‘ಪಾಂಡಾ’ ಎಂಬ ಮಾರ್ಪಾಡನ್ನು ತಂದು, ಸತ್ವವಿಲ್ಲದ ಪುಟಗಳ ಸ್ಥಾನವನ್ನು ತಗ್ಗಿಸಿತು. 2012ರ ಏಪ್ರಿಲ್‌ನಲ್ಲಿ ಬಂದ ‘ಪೆಂಗ್ವಿನ್’ ಕೃತಕ ಕೊಂಡಿಗಳನ್ನು ಗುರಿಯಾಗಿಸಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ಶೋಧದ ಪದಗಳನ್ನೇ ಹೆಸರಾಗಿ ಇಟ್ಟುಕೊಂಡ ಕಳಪೆ ತಾಣಗಳ ಮೇಲೂ ಕ್ರಮ ಜರುಗಿತು. ದೊಡ್ಡ ಸಂಸ್ಥೆಗಳೂ ಇದಕ್ಕೆ ಹೊರತಾಗಲಿಲ್ಲ. ಅಮೆರಿಕದ ಚಿಲ್ಲರೆ ಮಾರಾಟ ಸಂಸ್ಥೆ ಜೆ.ಸಿ. ಪೆನ್ನಿಯ ತಾಣಕ್ಕೆ ಸಾವಿರಾರು ಕೃತಕ ಕೊಂಡಿಗಳಿರುವುದನ್ನು 2011ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಬಯಲಿಗೆಳೆದ ನಂತರ, ಮೊದಲ ಸ್ಥಾನದಲ್ಲಿದ್ದ ಆ ತಾಣವು ಹಲವು ಪದಗಳಲ್ಲಿ ಬಹಳ ಕೆಳಕ್ಕೆ ಕುಸಿಯಿತು. ಕೊಂಡಿಗಳ ವಿಷಯ ತನಗೆ ತಿಳಿದಿರಲಿಲ್ಲವೆಂದು ಸಂಸ್ಥೆ ಹೇಳಿತಾದರೂ ಕ್ರಮ ತಪ್ಪಲಿಲ್ಲ. ಗುತ್ತಿಗೆದಾರನ ಕೃತ್ಯಕ್ಕೆ ತಾಣದ ಒಡೆಯನೇ ಹೊಣೆ ಎಂಬುದು ಇದರಿಂದ ದೊರೆಯುವ ಪಾಠ.

ದಂಡನೆಯ ಎರಡು ಬಗೆಗಳು

ಮೊದಲನೆಯದು, ಗೂಗಲ್ ಸಿಬ್ಬಂದಿಯೇ ಪರಿಶೀಲಿಸಿ ವಿಧಿಸುವ ಕ್ರಮ. ಇದರ ಸೂಚನೆಯು ಗೂಗಲ್‌ನ ಉಚಿತ ಸೇವೆಯಾದ ‘ಸರ್ಚ್ ಕನ್ಸೋಲ್’ನಲ್ಲಿ ದೊರೆಯುತ್ತದೆ. ದೋಷವನ್ನು ಸರಿಪಡಿಸಿ ಮರುಪರಿಶೀಲನೆಗೆ ಅರ್ಜಿ ಸಲ್ಲಿಸಲು ಅವಕಾಶವಿದೆ. ಎರಡನೆಯದು, ಗಣಕ ಸೂತ್ರಗಳೇ ತಾಣವನ್ನು ಕೆಳಗಿಳಿಸುವುದು. ಇದಕ್ಕೆ ಸೂಚನೆಯೂ ಇಲ್ಲ, ಅರ್ಜಿಯೂ ಇಲ್ಲ. ತಾಣದ ಗುಣಮಟ್ಟವನ್ನು ಸುಧಾರಿಸಿ ಕಾಯುವುದೊಂದೇ ದಾರಿ. ಫಲ ಕಾಣಲು ಹಲವು ತಿಂಗಳುಗಳೇ ಹಿಡಿಯಬಹುದು.

2016ರ ಸೆಪ್ಟೆಂಬರ್‌ನಿಂದ ಪೆಂಗ್ವಿನ್ ಗೂಗಲ್‌ನ ಮೂಲ ವ್ಯವಸ್ಥೆಯ ಅಂಗವಾಗಿದ್ದು, ಕೃತಕ ಕೊಂಡಿಗಳನ್ನು ಬಹುಮಟ್ಟಿಗೆ ಲೆಕ್ಕಕ್ಕೇ ತೆಗೆದುಕೊಳ್ಳದಂತೆ ಮಾಡುತ್ತದೆ. ಹೀಗಾಗಿ ಸ್ಥಾನ ಕುಸಿದಾಗಲೆಲ್ಲ ಅದನ್ನು ದಂಡನೆಯೆಂದು ತಿಳಿಯಬೇಕಿಲ್ಲ. ಖರೀದಿಸಿದ ಕೊಂಡಿಗಳ ಬಲ ಇಲ್ಲವಾದಾಗ ತಾಣವು ತನ್ನ ನಿಜವಾದ ಸ್ಥಾನಕ್ಕೆ ಮರಳಿರಲೂಬಹುದು.

ವಿಲೀನಕ್ಕೆ ಮೊದಲು ತನಿಖೆ

ಪ್ರತಿಯೊಂದು ತಾಣಕ್ಕೂ ಆಸ್ತಿ-ಹೊಣೆಗಳ ಪಟ್ಟಿ ಸಿದ್ಧವಾಗಬೇಕು. ಗ್ರಾಹಕರನ್ನು ತರುತ್ತಿರುವ ಪುಟಗಳು, ವ್ಯಾಪಾರ ಸಂಘಗಳಿಂದಲೂ ಪತ್ರಿಕೆಗಳಿಂದಲೂ ಸಹಜವಾಗಿ ಬಂದ ಕೊಂಡಿಗಳು ಆಸ್ತಿಗಳು. ಖರೀದಿಸಿದ ಕೊಂಡಿಗಳು, ನಕಲು ಪುಟಗಳು, ಬಾಕಿಯಿರುವ ದಂಡನೆಗಳು ಹೊಣೆಗಳು. ಸರ್ಚ್ ಕನ್ಸೋಲ್ 16 ತಿಂಗಳ ಅಂಕಿ-ಅಂಶಗಳನ್ನಷ್ಟೇ ಉಳಿಸಿಕೊಳ್ಳುವುದರಿಂದ, ಅವುಗಳ ಪ್ರತಿಯನ್ನು ಮೊದಲೇ ತೆಗೆದಿಡುವುದು ಅಗತ್ಯ.

ಡೊಮೈನ್ ಹೆಸರು ಯಾರ ಹೆಸರಿನಲ್ಲಿ ನೋಂದಣಿಯಾಗಿದೆ ಎಂಬುದನ್ನೂ ಈ ಹಂತದಲ್ಲಿಯೇ ಪರಿಶೀಲಿಸತಕ್ಕದ್ದು. ತಾಣವನ್ನು ರೂಪಿಸಿಕೊಟ್ಟವರ ಹೆಸರಿನಲ್ಲಿದ್ದರೆ, ವಿಲೀನಕ್ಕೆ ಮುಂಚೆಯೇ ಅದನ್ನು ಉದ್ದಿಮೆಯ ಹೆಸರಿಗೆ ಬದಲಾಯಿಸಿಕೊಳ್ಳುವುದು ಕ್ಷೇಮ.

ಸಿಬ್ಬಂದಿಯ ಕ್ರಮಕ್ಕೆ ಒಳಗಾದ ತಾಣವಿದ್ದಲ್ಲಿ, ಮೊದಲು ಆ ಬಾಕಿಯನ್ನು ತೀರಿಸಬೇಕು. ಕೃತಕ ಕೊಂಡಿಗಳನ್ನು ತೆಗೆಯುವಂತೆ ಆಯಾ ತಾಣಗಳಿಗೆ ಬರೆದು, ತೆಗೆಯಲು ಸಾಧ್ಯವಾಗದವನ್ನು ಗೂಗಲ್ 2012ರ ಅಕ್ಟೋಬರ್‌ನಲ್ಲಿ ಒದಗಿಸಿದ ‘ಡಿಸವೋ’ ಎಂಬ ಸಾಧನದ ಮೂಲಕ ನಿರಾಕರಿಸಬಹುದು. ಒಳ್ಳೆಯ ಕೊಂಡಿಗಳನ್ನು ನಿರಾಕರಿಸಿದರೆ ನಷ್ಟವಾಗುವುದರಿಂದ, ಈ ಸಾಧನವನ್ನು ಬಹಳ ಎಚ್ಚರಿಕೆಯಿಂದ ಬಳಸಬೇಕು. ಮರುಪರಿಶೀಲನೆಯ ಅರ್ಜಿಯಲ್ಲಿ ಏನು ತಪ್ಪಾಗಿತ್ತು, ಏನನ್ನು ಸರಿಪಡಿಸಲಾಯಿತು ಎಂಬುದನ್ನು ದಾಖಲೆಸಹಿತ ತಿಳಿಸಬೇಕು. ತೀರ್ಮಾನಕ್ಕೆ ಕೆಲವು ದಿನಗಳಿಂದ ಕೆಲವು ವಾರಗಳವರೆಗೆ ಬೇಕಾಗುತ್ತದೆ. ಉಳಿಸಿಕೊಳ್ಳುವಂಥದ್ದು ಏನೂ ಇಲ್ಲದ ತಾಣವನ್ನು ವಿಲೀನದಿಂದ ಹೊರಗಿಟ್ಟು ಮುಚ್ಚಿಬಿಡುವುದೇ ಲೇಸು.

ವಿಲೀನದ ಕ್ರಮ

ಹಳೆಯ ವಿಳಾಸಕ್ಕೆ ಬಂದವರನ್ನು ಹೊಸ ವಿಳಾಸಕ್ಕೆ ಕಳುಹಿಸುವ ವ್ಯವಸ್ಥೆಗೆ ಮರುನಿರ್ದೇಶನವೆಂದು ಹೆಸರು. ಶಾಶ್ವತ ಬದಲಾವಣೆಗೆ 301 ಎಂಬ ಸಂಕೇತವನ್ನು ಬಳಸಲಾಗುತ್ತದೆ. ಅಂಚೆ ಕಚೇರಿಗೆ ವಿಳಾಸ ಬದಲಾವಣೆಯನ್ನು ತಿಳಿಸಿದಂತೆಯೇ ಇದು. ಬರಬೇಕಾದ ಹಣದ ಪತ್ರವೂ ಬರುತ್ತದೆ, ಸಾಲಗಾರನ ನೋಟೀಸೂ ಬರುತ್ತದೆ. ಹಳೆಯ ತಾಣಕ್ಕೆ ಸಂಬಂಧಿಸಿದ ನಿರಾಕರಣೆಯ ಪಟ್ಟಿಯನ್ನು ಹೊಸ ತಾಣದ ಖಾತೆಯಲ್ಲಿಯೂ ಸಲ್ಲಿಸಬೇಕಾದುದು ಈ ಕಾರಣದಿಂದಲೇ.

ಉದಾಹರಣೆಗೆ, ಪಂಪಿನ ಬಿಡಿಭಾಗಗಳನ್ನು ತಯಾರಿಸುವ ಒಂದು ಘಟಕಕ್ಕೆ ಮೂರು ತಾಣಗಳಿದ್ದು, ಅವುಗಳಲ್ಲಿ ಕ್ರಮವಾಗಿ 60, 40 ಮತ್ತು 20 ಪುಟಗಳಿವೆಯೆಂದು ಇಟ್ಟುಕೊಳ್ಳಬಹುದು. ಒಟ್ಟು 120 ಪುಟಗಳಲ್ಲಿ 70 ಪುಟಗಳು ಊರಿನ ಹೆಸರನ್ನಷ್ಟೇ ಬದಲಿಸಿದ ನಕಲುಗಳು. ಅವುಗಳನ್ನು ಅಳತೆ, ಲೋಹ, ಬಳಕೆಯ ವಿವರಗಳುಳ್ಳ 14 ಪುಟಗಳಿಗೆ ಇಳಿಸಬಹುದು. ಸ್ವಂತ ಮಾಹಿತಿಯುಳ್ಳ 30 ಪುಟಗಳನ್ನು ಹಾಗೆಯೇ ಉಳಿಸಿ, ನಿರುಪಯುಕ್ತವಾದ 20 ಪುಟಗಳನ್ನು ಕೈಬಿಡಬಹುದು. ಹೊಸ ತಾಣದಲ್ಲಿ 44 ಪುಟಗಳು ಉಳಿಯುತ್ತವೆ. ವಿಳಾಸ ಬದಲಾದ ಪ್ರತಿ ಪುಟವನ್ನೂ ಅದಕ್ಕೆ ಸರಿಹೊಂದುವ ಪುಟಕ್ಕೇ ಕಳುಹಿಸಬೇಕು. ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸಿದರೆ, ಶೋಧಯಂತ್ರವು ಅವನ್ನು ಇಲ್ಲದ ಪುಟಗಳೆಂದೇ ಪರಿಗಣಿಸಬಹುದು. ಕೈಬಿಟ್ಟ ಪುಟಗಳಿಗೆ ‘ಶಾಶ್ವತವಾಗಿ ತೆಗೆಯಲಾಗಿದೆ’ ಎಂಬ ಅರ್ಥದ 410 ಸಂಕೇತವನ್ನು ನೀಡಬಹುದು.

ಬ್ರಿಟನ್ ಸರ್ಕಾರವು 2012ರ ಅಕ್ಟೋಬರ್‌ನಲ್ಲಿ ‘ಡೈರೆಕ್ಟ್‌ಗವ್’ ಮತ್ತು ‘ಬಿಸಿನೆಸ್ ಲಿಂಕ್’ ತಾಣಗಳ ಸ್ಥಾನದಲ್ಲಿ ‘ಗವ್ ಡಾಟ್ ಯುಕೆ’ಯನ್ನು ಆರಂಭಿಸಿ, ಮುಂದೆ ನೂರಾರು ಇಲಾಖೆ, ಸಂಸ್ಥೆಗಳ ತಾಣಗಳನ್ನು ಅದರಲ್ಲಿ ಸೇರಿಸಿದಾಗ ಇದೇ ವಿಧಾನವನ್ನು ಅನುಸರಿಸಿತು. ಅಲ್ಲಿ ದಂಡನೆಯ ಪ್ರಶ್ನೆ ಇರಲಿಲ್ಲ. ಆದರೂ ಹಳೆಯ ವಿಳಾಸಗಳನ್ನು ಪಟ್ಟಿಮಾಡಿ, ಉಪಯುಕ್ತವಾದವನ್ನು ಹೊಸ ಪುಟಗಳಿಗೆ ತಿರುಗಿಸಿ, ಉಳಿದವಕ್ಕೆ ತೆಗೆಯಲಾಗಿದೆ ಎಂಬ ಸೂಚನೆಯೊಡನೆ ರಾಷ್ಟ್ರೀಯ ದಾಖಲಾಗಾರದ ಪ್ರತಿಗೆ ದಾರಿ ತೋರಿಸಲಾಯಿತು.

ವಿಲೀನಾನಂತರ

ಮರುನಿರ್ದೇಶನವನ್ನು ಕನಿಷ್ಠ ಒಂದು ವರ್ಷ, ಸಾಧ್ಯವಾದರೆ ಇನ್ನೂ ದೀರ್ಘಕಾಲ ಉಳಿಸಿಕೊಳ್ಳುವಂತೆ ಗೂಗಲ್ ಸಲಹೆ ನೀಡುತ್ತದೆ. ಆದುದರಿಂದ ಹಳೆಯ ಡೊಮೈನ್ ಹೆಸರುಗಳ ನವೀಕರಣ ಶುಲ್ಕವನ್ನು ಉಳಿತಾಯದ ಬಾಬ್ತಿಗೆ ಸೇರಿಸಬಾರದು. ನವೀಕರಿಸದೆ ಬಿಟ್ಟ ಹೆಸರನ್ನು ಅನ್ಯರು ಕೊಂಡು ದುರುಪಯೋಗಪಡಿಸಿಕೊಳ್ಳಬಹುದು. ಇಂತಹ ದುರುಪಯೋಗವನ್ನು ಗೂಗಲ್ 2024ರ ಮಾರ್ಚ್‌ನಲ್ಲಿ ತನ್ನ ನಿಷೇಧಿತ ಕ್ರಮಗಳ ಪಟ್ಟಿಗೆ ಸೇರಿಸಿದೆಯಾದರೂ, ಉದ್ದಿಮೆಯ ಹೆಸರಿಗೆ ಆಗುವ ಹಾನಿಯನ್ನು ಆ ಕ್ರಮವು ತುಂಬಿಕೊಡಲಾರದು. ಬಿಲ್ಲು, ದರಪಟ್ಟಿ, ಪೊಟ್ಟಣ ಹಾಗೂ ಗೂಗಲ್ ನಕ್ಷೆಯಲ್ಲಿನ ವಿವರಗಳಲ್ಲಿಯೂ ಹೊಸ ವಿಳಾಸವನ್ನೇ ಮುದ್ರಿಸಬೇಕು.

ಮೊದಲ ಕೆಲವು ವಾರಗಳಲ್ಲಿ ಸ್ಥಾನಗಳು ಏರಿಳಿಯುವುದು ಸಹಜ. ಆ ಅವಧಿಯಲ್ಲಿ ಮತ್ತೆ ಮತ್ತೆ ವಿಳಾಸಗಳನ್ನು ಬದಲಿಸುವುದು ಹಾನಿಕರ. ಹಬ್ಬದ ಮಾರಾಟದ ತಿಂಗಳುಗಳನ್ನು ತಪ್ಪಿಸಿ, ವ್ಯಾಪಾರ ಮಂದವಾಗಿರುವ ಕಾಲವನ್ನು ಈ ಕಾರ್ಯಕ್ಕೆ ಆರಿಸಿಕೊಳ್ಳುವುದು ವಿವೇಕ.

ತಿಂಗಳೊಳಗೆ ಮೊದಲ ಸ್ಥಾನ ಕೊಡಿಸುವುದಾಗಿ ಭರವಸೆ ನೀಡುವವರೊಡನೆ ಒಪ್ಪಂದ ಮಾಡಿಕೊಳ್ಳುವ ಮುನ್ನ, ಅವರು ಅನುಸರಿಸುವ ವಿಧಾನವನ್ನು ಲಿಖಿತವಾಗಿ ಪಡೆಯುವುದು ಉಚಿತ. ಲೆಕ್ಕಪುಸ್ತಕದಲ್ಲಿ ಹಳೆಯ ಬಾಕಿಯನ್ನು ಚುಕ್ತಾ ಮಾಡದೆ ಹೊಸ ಖಾತೆ ತೆರೆದರೆ ಬಾಕಿ ಮಾಯವಾಗುವುದಿಲ್ಲ. ಜಾಲತಾಣಗಳ ವಿಲೀನದಲ್ಲಿಯೂ ಮೊದಲು ಲೆಕ್ಕ, ನಂತರ ತೀರುವಳಿ, ಆಮೇಲೆ ವಿಲೀನ ಎಂಬ ಕ್ರಮವನ್ನು ಪಾಲಿಸಿದಲ್ಲಿ ವರ್ತಕರು ವರ್ಷಗಳಿಂದ ಗಳಿಸಿದ ಹೆಸರನ್ನು ಉಳಿಸಿಕೊಳ್ಳಬಹುದಾಗಿದೆ.